ಒಂದೇ ಬಾಹು ಕೊಟ್ಟಿದ್ದಾರೆ, ಉಳಿದ ಎರಡು ಎಲ್ಲಿಂದ ತರೋದು?

ಪ್ರಶ್ನೆ: ಸರ್ ನಮಸ್ತೆ. ನನ್ನ ಮಗಳು ಹತ್ತನೇ ಕ್ಲಾಸು. ನಾನು ಓದಿದ್ದು ಪಿಯುಸಿ ಆರ್ಟ್ಸ್, ಲೆಕ್ಕ ಬಿಟ್ಟು ಇಪ್ಪತ್ತು ವರ್ಷ ಆಯ್ತು, ಆದ್ರೂ ರಾತ್ರಿ ಅವಳ ಪಕ್ಕ ಕೂತ್ಕೋತೀನಿ. ಒಂದು ತ್ರಿಭುಜದ ಕೋನಗಳು 30, 60, 90 ಡಿಗ್ರಿ, 60 ಡಿಗ್ರಿ ಕೋನದ ಎದುರಿನ ಬಾಹು 9 ಸೆಂ.ಮೀ, ಉಳಿದ ಎರಡು ಬಾಹು ಕಂಡುಹಿಡಿ ಅಂತ ಲೆಕ್ಕ. ಪೈಥಾಗೊರಸ್ ಹಾಕೋಕೆ ಎರಡು ಬಾಹು ಗೊತ್ತಿರ್ಬೇಕಲ್ವಾ, ಇಲ್ಲಿ ಒಂದೇ ಇದೆ. ಮಗಳು 9√3 ಮತ್ತು 18 ಅಂತ ಬರೆದ್ಲು, ಗೈಡ್‌ನಲ್ಲಿ 3√3 ಮತ್ತು 6√3 ಅಂತಿದೆ. ಯಾವಾಗ ರೂಟ್ 3ರಿಂದ ಗುಣಿಸ್ಬೇಕು ಯಾವಾಗ ಭಾಗಿಸ್ಬೇಕು ಅನ್ನೋದು ಇಬ್ರಿಗೂ ತಲೆಗೆ ಹೋಗ್ತಿಲ್ಲ. 45 ಡಿಗ್ರಿ ಲೆಕ್ಕದಲ್ಲೂ ಇದೇ ಗೋಳು. ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಮೇಡಂ, ನಿಮ್ಮ ಮಗಳು ಲೆಕ್ಕ ಸರಿಯಾಗೇ ಮಾಡಿದಾಳೆ, ಬೇರೆ ಯಾವುದೋ ತ್ರಿಭುಜದ ಲೆಕ್ಕ ಮಾಡಿದಾಳೆ ಅಷ್ಟೆ. 9, 9√3, 18 ಈ ಮೂರೂ ಸೇರಿದ್ರೆ ಪಕ್ಕಾ 30-60-90 ತ್ರಿಭುಜನೇ ಆಗತ್ತೆ, ಬೇಕಾದ್ರೆ ನೋಡಿ, 81ಕ್ಕೆ 243 ಕೂಡಿದ್ರೆ 324, ಅದು 18ರ ವರ್ಗ. ಆದ್ರೆ ಆ ತ್ರಿಭುಜದಲ್ಲಿ 9 ಕೂತಿರೋದು 30ರ ಎದುರು, ನಿಮ್ಮ ಪ್ರಶ್ನೆಯಲ್ಲಿ 9 ಕೂರ್ಬೇಕಾಗಿದ್ದು 60ರ ಎದುರು. ಸೀಟು ಅದಲು ಬದಲಾಗಿದೆ. ನಾನು ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳ್ಕೊಡ್ತಿದೀನಿ, ಈ ಪಾಠದಲ್ಲಿ ಬರೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿದು, ಪೇಪರ್ ತಿದ್ದುವಾಗ ಎರಡನೇ ಸಾಲಿಗೇ ಗೊತ್ತಾಗಿಬಿಡತ್ತೆ.

ಈಗ ನಿಮ್ಮ ಮೊದಲನೇ ಅನುಮಾನ. ಪೈಥಾಗೊರಸ್‌ಗೆ ಎರಡು ಬಾಹು ಬೇಕು ಅನ್ನೋದು ಹೌದು, ಆದ್ರೆ ಪ್ರಶ್ನೆಯಲ್ಲಿ ಅವ್ರು ಕೋನ ಕೊಟ್ಟಿದಾರಲ್ಲ, ಅದೇ ಎರಡನೇ ಮಾಹಿತಿ. ಕೋನ 30-60-90 ಅಂತ ಹೇಳಿಬಿಟ್ರೆ ತ್ರಿಭುಜದ ಆಕಾರ ಫಿಕ್ಸ್ ಆಯ್ತು, ಇನ್ನು ಅದನ್ನ ದೊಡ್ಡದು ಮಾಡ್ಬಹುದು ಚಿಕ್ಕದು ಮಾಡ್ಬಹುದು, ಫೋನಲ್ಲಿ ಫೋಟೋನ ಎರಡು ಬೆರಳಲ್ಲಿ ಹಿಗ್ಗಿಸ್ತೀವಲ್ಲ ಹಂಗೆ, ಆದ್ರೆ ಬಾಹುಗಳ ನಡುವಿನ ಅನುಪಾತ ಬದಲಾಗಲ್ಲ. ಸಮರೂಪ ತ್ರಿಭುಜಗಳು ಅಂತ ಪಾಠ ಇದೆಯಲ್ಲ, ಅದರ ಜೀವಾಳನೇ ಇದು. ಹಂಗಾಗಿ ಒಂದು ಬಾಹು ಗೊತ್ತಾದ್ರೆ ಸಾಕು, ಉಳಿದಿದ್ದು ತಾನಾಗೇ ಬರತ್ತೆ.

ಆ ಅನುಪಾತ ಏನು, ಎಲ್ಲಿಂದ ಬಂತು ಅನ್ನೋದನ್ನ ಮಗಳು ಒಂದು ಸಲ ಕೈಯಾರೆ ಮಾಡಿ ನೋಡ್ಲಿ. ರಟ್ಟಿನ ಮೇಲೆ 10 ಸೆಂ.ಮೀ ಬಾಹುವಿನ ಒಂದು ಸಮಬಾಹು ತ್ರಿಭುಜ ಬರೆದು ಕತ್ತರಿಸಲಿ, ಕೈವಾರ ಇದ್ರೆ ಎರಡು ನಿಮಿಷದ ಕೆಲಸ. ಮೂರೂ ಕೋನ 60. ಈಗ ಮೇಲಿನ ತುದಿಯಿಂದ ಕೆಳಗಿನ ಬಾಹುವಿನ ನಟ್ಟ ನಡುವಿಗೆ ಸರಿಯಾಗಿ ಕತ್ತರಿಸಿದ್ರೆ ಎರಡು ತುಂಡು. ಒಂದು ತುಂಡು ಕೈಗೆ ತಗೊಳ್ಳಿ, ಕೆಳಗಿನ ಕೋನ 60 ಹಂಗೇ ಉಳೀತು, ಮೇಲಿನ 60 ಅರ್ಧ ಆಗಿ 30 ಆಯ್ತು, ಕತ್ತರಿಸಿದ ಜಾಗ 90. ವಿಕರ್ಣ, ಅಂದ್ರೆ 90ರ ಎದುರಿನ ಬಾಹು, ಹಳೇ ಬಾಹುನೇ, 10. ಕೆಳಗಿನ ಬಾಹು ಅರ್ಧ ಆಗಿದೆ, 5. ಅಂದ್ರೆ ಇಲ್ಲಿ ರೂಟು ಗೀಟು ಏನೂ ಇಲ್ಲ, 30ರ ಎದುರಿನ ಬಾಹು ವಿಕರ್ಣದ ಅರ್ಧ, ಕತ್ತರಿಯೇ ಹೇಳಿಬಿಡ್ತು. ರೂಟ್ ಬರೋದು ಮೂರನೇ ಬಾಹುಗೆ ಮಾತ್ರ, 100ರಲ್ಲಿ 25 ಕಳೆದ್ರೆ 75, ಅದರ ವರ್ಗಮೂಲ 5√3, ಸುಮಾರು 8.66. ಸ್ಕೇಲ್ ಇಟ್ಟು ಅಳೆದ್ರೆ 8.6, 8.7 ನಡುವೆ ಎಲ್ಲೋ ಬಂದೇ ಬರತ್ತೆ.

ಅಲ್ಲಿಗೆ ಚಿಕ್ಕದು 5, ನಡುವಿನದು 5√3, ದೊಡ್ಡದು 10. ಚಿಕ್ಕದನ್ನ ಒಂದು ಪಾಲು ಅಂತ ಇಟ್ಕೊಂಡ್ರೆ 1, √3, 2. ನಿಮ್ಮ ಮಗಳ ಜಾಮೆಟ್ರಿ ಬಾಕ್ಸ್ ತೆಗೆದು ನೋಡಿ, ಅದರಲ್ಲಿ ಎರಡು ತ್ರಿಕೋನದ ಪಟ್ಟಿ ಇರತ್ತಲ್ಲ, ಸೆಟ್ ಸ್ಕ್ವೇರ್ ಅಂತೀವಿ, ಉದ್ದಕ್ಕೆ ಸಪೂರ ಇರೋದು ಇದೇ ತ್ರಿಭುಜ, ಇನ್ನೊಂದು ಗುಜ್ಜಾನೆ ಥರ ಇರೋದು 45-45-90. ವರ್ಷಗಟ್ಲೆ ಬಾಕ್ಸ್‌ನಲ್ಲೇ ಇಟ್ಕೊಂಡು ಓಡಾಡಿ ಈ ಪಾಠ ಬಂದಾಗ ಮಾತ್ರ ಅದನ್ನ ತೆಗೆಯದೇ ಇರೋ ಮಕ್ಕಳೇ ಜಾಸ್ತಿ, ನಂಗೆ ಇದು ಇವತ್ತಿಗೂ ಆಶ್ಚರ್ಯ.

ಈಗ ಗುಣಿಸೋದಾ ಭಾಗಿಸೋದಾ ಅನ್ನೋ ಗೊಂದಲ. ಇದಕ್ಕೆ ನಾನು ಕ್ಲಾಸಲ್ಲಿ ಹೇಳೋದು ಒಂದೇ, ಏನೇ ಕೊಟ್ಟಿರಲಿ ಮೊದಲು ಚಿಕ್ಕ ಬಾಹು ಹತ್ರ ಹೋಗು. 30ರ ಎದುರಿನ ಬಾಹು ಅಂದ್ರೆ ಬಸ್ ಸ್ಟ್ಯಾಂಡ್ ಇದ್ದಂಗೆ, ಎಲ್ಲಿಗೆ ಹೋಗ್ಬೇಕಂದ್ರೂ ಅಲ್ಲಿ ಇಳಿದೇ ಬಸ್ ಬದಲಾಯಿಸ್ಬೇಕು. ವಿಕರ್ಣ ಕೊಟ್ರೆ ಅರ್ಧ ಮಾಡಿ ಚಿಕ್ಕದಕ್ಕೆ ಬನ್ನಿ. ನಡುವಿನದು ಕೊಟ್ರೆ √3ರಿಂದ ಭಾಗಿಸಿ ಚಿಕ್ಕದಕ್ಕೆ ಬನ್ನಿ. ಚಿಕ್ಕದೇ ಕೊಟ್ಟಿದ್ರೆ ಈಗಾಗ್ಲೇ ಸ್ಟ್ಯಾಂಡಲ್ಲೇ ಇದೀರಿ. ಅಲ್ಲಿಂದ ಹೊರಡುವಾಗ ಎರಡರಿಂದ ಗುಣಿಸಿದ್ರೆ ವಿಕರ್ಣ, √3ರಿಂದ ಗುಣಿಸಿದ್ರೆ ನಡುವಿನದು. ಚಿಕ್ಕದಕ್ಕೆ ಬರುವಾಗ ಯಾವಾಗ್ಲೂ ಭಾಗಾಕಾರ, ಚಿಕ್ಕದರಿಂದ ಹೋಗುವಾಗ ಯಾವಾಗ್ಲೂ ಗುಣಾಕಾರ. ನಡುವಿನದರಿಂದ ವಿಕರ್ಣಕ್ಕೆ ನೇರ ದಾರಿ ಇದೆ, 2 ಬೈ √3ರಿಂದ ಗುಣಿಸೋದು, ಆದ್ರೆ ಆ ಶಾರ್ಟ್‌ಕಟ್ ಹಿಡಿದವರೇ ಜಾಸ್ತಿ ದಾರಿ ತಪ್ಪೋದು, ಪರೀಕ್ಷೆ ಮುಗಿಯೋವರೆಗೂ ಅದರ ಸುದ್ದಿಗೆ ಹೋಗ್ಬೇಡಿ.

ನಿಮ್ಮ ಲೆಕ್ಕ ಹೀಗೆ ಮಾಡೋಣ. 9 ಇರೋದು 60ರ ಎದುರು, ಅಂದ್ರೆ ನಡುವಿನ ಬಾಹು. ಚಿಕ್ಕದಕ್ಕೆ ಬರ್ಬೇಕು, 9 ಭಾಗಿಸು √3. ಇಲ್ಲಿ ಮಕ್ಕಳು ನಿಂತುಬಿಡ್ತಾರೆ, 9 ಬೈ √3 ಹೆಂಗೆ 3√3 ಆಯ್ತು ಅಂತ. 9 ಅಂದ್ರೆ 3 ಗುಣಿಸು 3, ಅದರಲ್ಲಿ ಒಂದು 3ನ್ನ √3 ಗುಣಿಸು √3 ಅಂತ ಒಡೆದು ಬರೀರಿ, ಕೆಳಗಿರೋ √3ಗೆ ಮೇಲಿನ ಒಂದು √3 ಹೊಡೆದು ಹೋಯ್ತು, ಉಳಿದಿದ್ದು 3√3. ವಿಕರ್ಣ ಅದರ ಎರಡು ಪಟ್ಟು, 6√3. ದಶಮಾಂಶದಲ್ಲಿ ಹೇಳೋದಾದ್ರೆ ಸುಮಾರು 5.2, 9, 10.4. ತಾಳೆ ನೋಡಿ, 27ಕ್ಕೆ 81 ಕೂಡಿದ್ರೆ 108, 6√3ರ ವರ್ಗನೂ 36 ಗುಣಿಸು 3, 108.

ಪೈಥಾಗೊರಸ್ ಬಿಟ್ಟು ಬೇರೆ ಯಾವುದನ್ನೂ ನಂಬಲ್ಲ ಅನ್ನೋ ಮಗು ಆದ್ರೆ ಅದರಿಂದಲೂ ಬರತ್ತೆ. ಚಿಕ್ಕ ಬಾಹು ಎಷ್ಟೋ ಒಂದು, ಅದಕ್ಕೆ ಕ ಅಂತ ಹೆಸರಿಡಿ, ವಿಕರ್ಣ 2ಕ. ಕ ವರ್ಗಕ್ಕೆ 81 ಕೂಡಿದ್ರೆ 4ಕ ವರ್ಗ, ಅಂದ್ರೆ 3ಕ ವರ್ಗ 81, ಕ ವರ್ಗ 27, ಕ ಅಂದ್ರೆ 3√3. ನೋಡಿ, ಪೈಥಾಗೊರಸ್ ಒಂದೇ ಬಾಹು ಇಟ್ಕೊಂಡು ಕೆಲಸ ಮಾಡ್ತು, ಯಾಕಂದ್ರೆ ಇನ್ನೊಂದು ಸಂಬಂಧನ ಕೋನ ಕೊಟ್ಟಿತ್ತು.

ಇನ್ನೊಂದು ವಿಷಯ, ಇದನ್ನ ಮಾತ್ರ ಅಭ್ಯಾಸ ಮಾಡಿಸಿ. ಉತ್ತರ ಬರೆದ ಮೇಲೆ ಮೂರೂ ಬಾಹುನ ದಶಮಾಂಶಕ್ಕೆ ತಂದು ಚಿತ್ರದ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೀಬೇಕು, √2 ಅಂದ್ರೆ 1.414, √3 ಅಂದ್ರೆ 1.732, ಇವೆರಡು ಬಾಯಿಗೆ ಬಂದ್ರೆ ಸಾಕು. ದೊಡ್ಡ ಕೋನದ ಎದುರು ದೊಡ್ಡ ಬಾಹು, ಚಿಕ್ಕ ಕೋನದ ಎದುರು ಚಿಕ್ಕ ಬಾಹು, ಇದು ಯಾವ ತ್ರಿಭುಜದಲ್ಲೂ ತಪ್ಪಲ್ಲ. ನಿಮ್ಮ ಮಗಳು 9√3 ಅಂತ ಬರೆದಾಗ ಅದು 15.6 ಅಂತ ಪಕ್ಕದಲ್ಲಿ ಬರೆದಿದ್ರೆ, 30ರ ಎದುರು 15.6 ಇದೆ, 60ರ ಎದುರು 9 ಇದೆ, ಇದೆಂಗೆ ಸಾಧ್ಯ ಅಂತ ಅವಳಿಗೇ ಹೊಳೀತಿತ್ತು. ರೂಟ್ ಚಿಹ್ನೆ ಹಾಕಿಬಿಟ್ರೆ ಸಂಖ್ಯೆಗೆ ಮುಸುಕು ಹಾಕ್ದಂಗೆ, ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಾಣಲ್ಲ, ಒಂದು ಸಲ ಮುಸುಕು ತೆಗೆದು ನೋಡ್ಬೇಕು.

45ರ ಲೆಕ್ಕ ಇದಕ್ಕಿಂತ ಸುಲಭ, ಆದ್ರೂ ಅದರಲ್ಲೇ ಒಂದು ಗುಂಡಿ ಇದೆ. ಒಂದು ಚೌಕನ ಮೂಲೆಯಿಂದ ಮೂಲೆಗೆ ಕತ್ತರಿಸಿದ್ರೆ ಸಿಗೋದೇ 45-45-90, ಎರಡು ಬಾಹು ಸಮ, ವಿಕರ್ಣ ಅದರ √2 ಪಟ್ಟು. ಇದಕ್ಕೆ ಒಂದು ಚಂದದ ಪ್ರಯೋಗ ಇದೆ, ಎರಡು ಎ4 ಹಾಳೆ ತಗೊಳ್ಳಿ. ಒಂದು ಹಾಳೆಯ ಗಿಡ್ಡ ಅಂಚನ್ನ ಉದ್ದ ಅಂಚಿನ ಮೇಲೆ ಸರಿಯಾಗಿ ಕೂರೋ ಹಂಗೆ ಮಡಿಸಿ, ಮಕ್ಕಳು ದೋಣಿ ಮಾಡೋಕೆ ಚೌಕ ತೆಗೀತಾರಲ್ಲ ಆ ಮಡಿಕೆ. ಈಗ ಆ ಓರೆ ಮಡಿಕೆಯ ಗೆರೆ ಪಕ್ಕ ಇನ್ನೊಂದು ಹಾಳೆಯ ಉದ್ದ ಅಂಚು ಇಟ್ಟು ನೋಡಿ, ಕೂದಲೆಳೆ ವ್ಯತ್ಯಾಸ ಇಲ್ದೆ ಎರಡೂ ಒಂದೇ ಉದ್ದ. ಎ4 ಅಳತೆ 210 ಮತ್ತು 297 ಮಿ.ಮೀ, 210ನ್ನ √2ರಿಂದ ಗುಣಿಸಿದ್ರೆ 296.98 ಬರತ್ತೆ. ಕಾಕತಾಳೀಯ ಅಂತೂ ಅಲ್ಲ, ಹಾಳೆನ ಅರ್ಧಕ್ಕೆ ಕತ್ತರಿಸಿದ್ರೂ ಅದೇ ಆಕಾರ ಉಳೀಬೇಕು ಅಂತ 1922ರಲ್ಲಿ ಜರ್ಮನಿಯವರು ಹಿಂಗೆ ಮಾಡಿದ್ದು, ಹಂಗೆ ಉಳಿಯೋದು ಉದ್ದ ಅಗಲದ ಅನುಪಾತ √2 ಆಗಿದ್ರೆ ಮಾತ್ರ. ಜೆರಾಕ್ಸ್ ಅಂಗಡಿಯಲ್ಲಿ ಎ3ನ ಎ4 ಮಾಡುವಾಗ ಅವ್ರು ಒತ್ತೋ 71 ಪರ್ಸೆಂಟ್ ಕೂಡ ಇದೇ, 1 ಬೈ √2 ಅಂದ್ರೆ 0.707.

ಗುಂಡಿ ಯಾವುದಂದ್ರೆ, ವಿಕರ್ಣ 10 ಕೊಟ್ರೆ ಬಾಹು 5 ಅಂತ ಬರೆಯೋದು. ಅರ್ಧ ಮಾಡೋದು 30-60ರ ಆಸ್ತಿ, ಅದನ್ನ ತಂದು ಇಲ್ಲಿ ಹಾಕ್ತಾರೆ. ನಾನು ಬೋರ್ಡ್ ಹತ್ರ ಕರೆದು ಕೇಳ್ತೀನಿ, ಐದೂ ಐದೂ ಎಷ್ಟಪ್ಪಾ, ಹತ್ತು ಸರ್, ಹಂಗಿದ್ರೆ ಎರಡು ಐದರ ಕಡ್ಡಿ ಸೇರಿಸಿ ಹತ್ತರ ಕಡ್ಡಿ ಮೇಲೆ ತ್ರಿಭುಜ ಕಟ್ಟು ನೋಡೋಣ ಅಂತ. ಕಟ್ಟೋಕಾಗಲ್ಲ, ಎರಡೂ ಮಲಗಿಬಿಡ್ತವೆ. ಸರಿಯಾದ ದಾರಿ 10 ಬೈ √2, ಮೇಲಿನ ಥರನೇ 10ನ್ನ 5 ಗುಣಿಸು √2 ಗುಣಿಸು √2 ಅಂತ ಒಡೆದ್ರೆ 5√2, ಸುಮಾರು 7.07.

ಛೇದದಲ್ಲಿ ರೂಟ್ ಬಿಡಬಾರದು ಅಂತ ಟೀಚರ್‌ಗಳು ಯಾಕೆ ಹಠ ಹಿಡೀತಾರೆ ಅಂತಾನೂ ಮಕ್ಕಳು ಕೇಳ್ತಾರೆ. ನಿಜ ಹೇಳ್ಬೇಕಂದ್ರೆ 10 ಬೈ √2 ಅಂತ ಬಿಟ್ರೂ ಅದು ತಪ್ಪಲ್ಲ, 5√2 ಎಷ್ಟೋ ಅದೂ ಅಷ್ಟೇ. ಕ್ಯಾಲ್ಕುಲೇಟರ್ ಇಲ್ಲದೆ 10ನ್ನ 1.414ರಿಂದ ಭಾಗಿಸಿ ನೋಡಿ, ಆಮೇಲೆ 5ನ್ನ 1.414ರಿಂದ ಗುಣಿಸಿ ನೋಡಿ, ಯಾವುದು ಸುಲಭ ಅಂತ ಗೊತ್ತಾಗತ್ತೆ. ಎರಡು ಉತ್ತರ ಒಂದೇನಾ ಅಂತ ಹೋಲಿಸೋಕೂ ಒಂದೇ ರೂಪದಲ್ಲಿದ್ರೆ ಅನುಕೂಲ. ಪರೀಕ್ಷೆಯಲ್ಲಿ ಅಕರಣೀಕರಣ ಮಾಡಿಯೇ, ಅಂದ್ರೆ ಛೇದದ ರೂಟ್ ತೆಗೆದೇ ಬರೆಯೋದು ಒಳ್ಳೇದು, ಮಾರ್ಕ್ಸ್ ವಿಷಯದಲ್ಲಿ ವಾದ ಯಾಕೆ.

ಅಂದ ಹಾಗೆ ಈ ರೂಟ್ ಸಂಖ್ಯೆಗಳಿಗೆ ನಮ್ಮ ಪಠ್ಯಪುಸ್ತಕದಲ್ಲಿ ಕರಣಿ ಅಂತಾರಲ್ಲ, ಆ ಪದದ ಊರು ಯಾವುದು ಗೊತ್ತಾ? ಶುಲ್ಬಸೂತ್ರಗಳು. ಶುಲ್ಬ ಅಂದ್ರೆ ಹಗ್ಗ, ಯಜ್ಞಕುಂಡ ಕಟ್ಟೋಕೆ ಹಗ್ಗ ಗೂಟ ಇಟ್ಕೊಂಡು ಅಳತೆ ಮಾಡ್ತಿದ್ದವರ ನಿಯಮಗಳು ಅವು. ಒಂದು ಚೌಕದ ಕರ್ಣದ ಮೇಲೆ, ಅಂದ್ರೆ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಮೇಲೆ, ಇನ್ನೊಂದು ಚೌಕ ಕಟ್ಟಿದ್ರೆ ವಿಸ್ತೀರ್ಣ ಎರಡು ಪಟ್ಟು ಆಗತ್ತೆ, ಅದಕ್ಕೆ ಆ ಕರ್ಣಕ್ಕೆ ದ್ವಿಕರಣಿ ಅಂತ ಹೆಸರು, ಎರಡು ಪಟ್ಟು ಮಾಡೋದು ಅಂತ. ಆಮೇಲೆ ಒಂದು ಕಡೆ ಚೌಕದ ಬಾಹು, ಇನ್ನೊಂದು ಕಡೆ ದ್ವಿಕರಣಿ ಇಟ್ಟು ಆಯತ ಮಾಡಿದ್ರೆ ಅದರ ಕರ್ಣ ತ್ರಿಕರಣಿ, ನಮ್ಮ √3. ನಿಮ್ಮ ಮಗಳಿಗೆ ತಲೆನೋವು ಕೊಡ್ತಿರೋ ಎರಡೂ ಸಂಖ್ಯೆಗಳು ಹಗ್ಗದಲ್ಲಿ ಅಳೆಯೋ ಉದ್ದಗಳಾಗಿ ಹುಟ್ಟಿದ್ದು. ಈ ಸೂತ್ರಕಾರರಲ್ಲಿ ಒಬ್ಬನಾದ ಬೌಧಾಯನ √2ಗೆ ಒಂದು ಅಂದಾಜೂ ಕೊಡ್ತಾನೆ, 1ಕ್ಕೆ ಮೂರನೇ ಒಂದು ಕೂಡಿಸು, ಆ ಮೂರನೇ ಒಂದರಲ್ಲಿ ನಾಲ್ಕನೇ ಒಂದು ಕೂಡಿಸು, ಅದರಲ್ಲಿ ಮೂವತ್ತನಾಲ್ಕನೇ ಒಂದು ಕಳಿ. ಲೆಕ್ಕ ಹಾಕಿದ್ರೆ 577 ಬೈ 408, ದಶಮಾಂಶದ ಐದು ಸ್ಥಾನದವರೆಗೂ ಸರಿ.

ಪೂರ್ಣ ಸಂಖ್ಯೆಯಲ್ಲಿ ಬರಲ್ವಾ ಅಂದ್ರೆ, ಮೂರೂ ಬಾಹು ಪೂರ್ಣ ಸಂಖ್ಯೆ ಆಗಿರೋ 45-45-90 ಒಂದೂ ಇಲ್ಲ, 30-60-90 ಕೂಡ ಇಲ್ಲ, √2 √3 ಅಭಾಗಲಬ್ಧ, ಅಂದ್ರೆ ಎರಡು ಪೂರ್ಣ ಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯೋಕಾಗದ ಸಂಖ್ಯೆ ಆಗಿರೋದ್ರಿಂದ. ಆದ್ರೆ ಹತ್ತಿರ ಹತ್ತಿರ ಇರೋವು ಇವೆ, ಕೈಕೆಲಸದವರಿಗೆ ಅದೇ ಸಾಕು. 12-12-17 ನೋಡಿ, 144 ಎರಡು ಸಲ ಅಂದ್ರೆ 288, 17ರ ವರ್ಗ 289, ಒಂದೇ ಒಂದು ಹೆಚ್ಚು ಕಮ್ಮಿ. ಒಂದು ಅಡಿ ಚೌಕದ ಟೈಲ್ಸ್ ಮೂಲೆಯಿಂದ ಮೂಲೆಗೆ 17 ಇಂಚು ಅಂತ ಮೇಸ್ತ್ರಿ ಹೇಳಿದ್ರೆ ಅವನು ಸರಿಯಾಗೇ ಹೇಳ್ತಿದಾನೆ, ಎರಡು ಅಡಿದಾದ್ರೆ 34 ಇಂಚು. 30-60ಗೆ 4-7-8 ಅಂತ ಇಟ್ಕೋಬಹುದು, ಇನ್ನೂ ನಿಖರ ಬೇಕಂದ್ರೆ 15-26-30, ಅಲ್ಲಿ 225ಕ್ಕೆ 676 ಕೂಡಿದ್ರೆ 901, ಬೇಕಾಗಿದ್ದು 900. ಪರೀಕ್ಷೆಯಲ್ಲಿ ಇವನ್ನ ಬರೀಬೇಡಿ ಮತ್ತೆ, ಉತ್ತರ ತಾಳೆ ನೋಡೋಕೆ ಮಾತ್ರ.

ಮೇಸ್ತ್ರಿ ಅಂದಾಗ ನೆನಪಾಯ್ತು, 3-4-5. ಮನೆ ಪಾಯ ಮಾರ್ಕ್ ಮಾಡುವಾಗ ದಾರ ಹಿಡಿದು ಒಂದು ಕಡೆ 3 ಅಡಿ ಇನ್ನೊಂದು ಕಡೆ 4 ಅಡಿ ಗುರುತು ಮಾಡಿ ನಡುವೆ 5 ಅಡಿ ಬಂತಾ ನೋಡ್ತಾರೆ, ಬಂದ್ರೆ ಮೂಲೆ ಮಟ್ಟ ಇದೆ ಅಂತ. ಇದನ್ನ ನೋಡಿದ ಎಷ್ಟೋ ಮಕ್ಕಳು 3-4-5 ತ್ರಿಭುಜದ ಕೋನ 30-60-90 ಅಂತ ತಿಳ್ಕೊಂಡಿರ್ತಾರೆ. ಅಲ್ಲ, ಅದರಲ್ಲಿ 90 ಮಾತ್ರ ನಿಜ, ಉಳಿದೆರಡು ಸುಮಾರು 36.87 ಮತ್ತು 53.13. ವಿಕರ್ಣ 5, ಚಿಕ್ಕದು 3, ಅರ್ಧ ಆಗಿಲ್ವಲ್ಲ, ಅಲ್ಲೇ ಗೊತ್ತಾಗತ್ತೆ. ಇಲ್ಲಿ ಬಾಹು ವಿಶೇಷ, ನಮ್ಮ ಪಾಠದಲ್ಲಿ ಕೋನ ವಿಶೇಷ, ಎರಡು ಬೇರೆ ಬೇರೆ ಕುಟುಂಬ.

ಈ ವ್ಯತ್ಯಾಸ ಚೆನ್ನಾಗಿ ಕಾಣೋದು ಮುರಿದ ಮರದ ಲೆಕ್ಕದಲ್ಲಿ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಒಂದು ಬಿದಿರಿನ ಲೆಕ್ಕ ಇದೆ, 32 ಮೊಳ ಎತ್ತರದ ಬಿದಿರು ಗಾಳಿಗೆ ಮುರಿದು ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗ್ತು, ಎಷ್ಟು ಎತ್ತರದಲ್ಲಿ ಮುರೀತು ಅಂತ. ಕೋನದ ಸುದ್ದಿನೇ ಇಲ್ಲ, ಎರಡು ಉದ್ದ ಕೊಟ್ಟಿದಾರೆ, ಶುದ್ಧ ಪೈಥಾಗೊರಸ್, ಉತ್ತರ 12. ನಿಂತಿರೋದು 12, ನೆಲ 16, ಬಿದ್ದಿರೋದು 20, ಅಂದ್ರೆ ನಮ್ಮ 3-4-5ರ ನಾಲ್ಕು ಪಟ್ಟು. ಈಗ ನಿಮ್ಮ ಮಗಳ ಪುಸ್ತಕದಲ್ಲಿ ತ್ರಿಕೋನಮಿತಿಯ ಅನ್ವಯಗಳ ಅಭ್ಯಾಸದಲ್ಲಿ ಇರೋ ಮರ ನೋಡಿ, ಗಾಳಿಗೆ ಮುರಿದು ತುದಿ ಬುಡದಿಂದ 8 ಮೀಟರ್ ದೂರದಲ್ಲಿ ನೆಲಕ್ಕೆ ತಾಗಿ 30 ಡಿಗ್ರಿ ಕೋನ ಮಾಡಿದೆ, ಮರದ ಮೊದಲಿನ ಎತ್ತರ ಎಷ್ಟು. ಇಲ್ಲಿ ಒಂದೇ ಉದ್ದ, ಜೊತೆಗೆ ಕೋನ. 30 ಡಿಗ್ರಿ ಇರೋದು ನೆಲದ ಹತ್ರ, ಅದರ ಎದುರು ನಿಂತಿರೋ ಮೋಟು, ಹಂಗಾಗಿ ಮೋಟೇ ಚಿಕ್ಕ ಬಾಹು. 8 ಮೀಟರ್ ಇರೋದು ಮೇಲಿನ 60ರ ಎದುರು, ನಡುವಿನದು. ಚಿಕ್ಕದಕ್ಕೆ ಬನ್ನಿ, 8 ಬೈ √3. ಬಿದ್ದ ಭಾಗ ಅದರ ಎರಡು ಪಟ್ಟು, 16 ಬೈ √3. ಎರಡೂ ಕೂಡಿದ್ರೆ 24 ಬೈ √3, ಅಂದ್ರೆ 8√3, ಸುಮಾರು 13.86 ಮೀಟರ್. ಸುಮಾರು ಮಕ್ಕಳು ಬಿದ್ದ ಭಾಗ ಕಂಡುಹಿಡಿದು ಅಲ್ಲಿಗೇ ನಿಲ್ಲಿಸ್ತಾರೆ, ಮರದ ಪೂರ್ತಿ ಎತ್ತರ ಕೇಳಿರೋದು ಅನ್ನೋದು ಮರೆತು. ಎರಡು ತುಂಡನ್ನೂ ಕೂಡ್ಲೇಬೇಕು.

ಏಣಿ ಲೆಕ್ಕನೂ ಬರತ್ತೆ, 15 ಅಡಿ ಏಣಿ ಗೋಡೆಗೆ ಒರಗಿದೆ, ನೆಲದ ಜೊತೆ 60 ಡಿಗ್ರಿ. ನೆಲದಲ್ಲಿ 60 ಇದ್ರೆ ಮೇಲೆ 30, ಮೇಲಿನ 30ರ ಎದುರು ನೆಲದ ಮೇಲಿನ ದೂರ, ವಿಕರ್ಣದ ಅರ್ಧ 7.5 ಅಡಿ, ಗೋಡೆ ಮೇಲಿನ ಎತ್ತರ 7.5√3, ಹತ್ತಿರ ಹತ್ತಿರ 13 ಅಡಿ. ಲೆಕ್ಕ ಸರಿ, ಆದ್ರೆ ಮನೇಲಿ ಯಾರೂ 60 ಡಿಗ್ರಿಗೆ ಏಣಿ ಇಟ್ಟು ಹತ್ತಬೇಡಿ ಪ್ಲೀಸ್, ಬುಡ ಜಾರತ್ತೆ. ಎತ್ತರ ನಾಲ್ಕು ಪಾಲಿದ್ರೆ ಬುಡ ಒಂದು ಪಾಲು ದೂರ ಅನ್ನೋದು ಸುರಕ್ಷಿತ ಅಳತೆ, ಅದು ಸುಮಾರು 75 ಡಿಗ್ರಿ. ಪಠ್ಯಪುಸ್ತಕದ ಏಣಿಗಳು ಉತ್ತರ ಚೆನ್ನಾಗಿ ಬರ್ಲಿ ಅಂತ ಒರಗಿರೋದು.

ಮಗಳಿಗೆ ಬೇಜಾರಾದಾಗ ಹೊರಗೆ ಕರ್ಕೊಂಡು ಹೋಗಿ ಇನ್ನೊಂದು ಮಾಡಿಸಿ. 45ರ ಸೆಟ್ ಸ್ಕ್ವೇರ್‌ನ ಒಂದು ಗಿಡ್ಡ ಅಂಚು ನೆಲಕ್ಕೆ ಸಮ, ಇನ್ನೊಂದು ನೇರ ಮೇಲಕ್ಕೆ ಇರೋ ಹಾಗೆ ಕಣ್ಣಿನ ಹತ್ರ ಹಿಡೀಬೇಕು, ಕಣ್ಣಿರೋ ಕಡೆ 45ರ ಮೂಲೆ, ಓರೆ ಅಂಚಿನ ಗುಂಟ ತೆಂಗಿನ ಮರದ ತುದಿ ನೋಡ್ಬೇಕು. ತುದಿ ಸರಿಯಾಗಿ ಗೆರೆಗೆ ಬರೋವರೆಗೂ ಹಿಂದೆ ಮುಂದೆ ನಡೀರಿ. ಬಂದಾಗ ಮರದಿಂದ ನಿಮ್ಮವರೆಗಿನ ದೂರ ಎಷ್ಟೋ ಅಷ್ಟೇ ಕಣ್ಣಿನ ಮಟ್ಟದಿಂದ ಮೇಲಿರೋ ಎತ್ತರ, ಅದಕ್ಕೆ ನೆಲದಿಂದ ಕಣ್ಣಿನ ಎತ್ತರ ಕೂಡಿಸಿ. ಕಾಂಪೌಂಡ್ ಅಡ್ಡ ಬಂದು ಅಷ್ಟು ಹಿಂದೆ ಹೋಗೋಕಾಗ್ದಿದ್ರೆ ಇನ್ನೊಂದು ಪಟ್ಟಿಯ 60ರ ಮೂಲೆ ಕಣ್ಣಿನ ಹತ್ರ ಇಡಿ, ಆಗ ದೂರ ಚಿಕ್ಕ ಬಾಹು, ಎತ್ತರ ಅದರ √3 ಪಟ್ಟು. 7 ಮೀಟರ್ ದೂರದಲ್ಲಿ ತುದಿ ಸಿಕ್ರೆ 12.1, ಕಣ್ಣಿನ ಎತ್ತರ ಒಂದೂವರೆ ಸೇರಿಸಿ ಸುಮಾರು 13.6 ಮೀಟರ್. ಕಣ್ಣಿನ ಎತ್ತರ ಕೂಡಿಸೋದು ಮರೆಯೋದೇ ಎಲ್ಲರ ತಪ್ಪು, ಪಠ್ಯದ ವೀಕ್ಷಕನ ಲೆಕ್ಕಗಳಲ್ಲೂ ಅದಕ್ಕೇ ಮಾರ್ಕ್ಸ್ ಹೋಗೋದು.

ಎರಡು ತ್ರಿಭುಜ ಅಂಟಿಕೊಂಡಿರೋ ಲೆಕ್ಕ ಬಂದ್ರೆ ಹೆದರಬೇಡಿ ಅಂತ ಹೇಳಿ. ಎಬಿಸಿ ತ್ರಿಭುಜದಲ್ಲಿ ಬಿ ಕೋನ 45, ಸಿ ಕೋನ 30, ಎಬಿ 6√2, ಬಿಸಿ ಎಷ್ಟು ಅಂತ ಇರತ್ತೆ. ಇದು ಲಂಬಕೋನ ತ್ರಿಭುಜನೇ ಅಲ್ಲ, ಎ ಕೋನ 105. ಆದ್ರೆ ಎಯಿಂದ ಬಿಸಿಗೆ ಒಂದು ಲಂಬ ಎಳೆದು ಪಾದಕ್ಕೆ ಡಿ ಅಂತ ಹೆಸರಿಟ್ರೆ ಎಡಗಡೆ 45-45-90, ಬಲಗಡೆ 30-60-90, ಎರಡು ಸೆಟ್ ಸ್ಕ್ವೇರ್ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸ್ದಂಗೆ. ಎಡಗಡೆ ವಿಕರ್ಣ 6√2, √2ರಿಂದ ಭಾಗಿಸಿದ್ರೆ ಬಿಡಿ 6, ಎಡಿನೂ 6. ಆ ಎಡಿ ಬಲಗಡೆ ತ್ರಿಭುಜದಲ್ಲಿ 30ರ ಎದುರು ಇದೆ, ಅಂದ್ರೆ ಚಿಕ್ಕ ಬಾಹು ಕೈಗೇ ಸಿಕ್ತು, ಡಿಸಿ 6√3. ಬಿಸಿ ಅಂದ್ರೆ 6 ಕೂಡಿಸು 6√3, ಸುಮಾರು 16.4. 6 ಮತ್ತು 6√3 ಸೇರಿಸಿ 12√3 ಅಂತ ಬರೆಯೋರೂ ಇದಾರೆ, ಹಂಗೆ ಕೂಡೋಕಾಗಲ್ಲ, ಒಂದರಲ್ಲಿ ಕರಣಿ ಇದೆ ಇನ್ನೊಂದರಲ್ಲಿ ಇಲ್ಲ.

ಕ್ಲಾಸಲ್ಲಿ ಟ್ಯಾನ್ 60, ಸೈನ್ 30 ಅಂತ ಮಾಡಿಸ್ತಾರೆ, ನೀವು ಹೇಳಿದ್ದು ಬೇರೆ ಅಂತ ಅವಳು ಕೇಳಬಹುದು. ಬೇರೆ ಅಲ್ಲ, ಸೈನ್ 30 ಅಂದ್ರೆ ½ ಅನ್ನೋದು ಆ ರಟ್ಟಿನ ಅರ್ಧ ತುಂಡಿನಲ್ಲಿ 5 ಬೈ 10, ಟ್ಯಾನ್ 60 ಅಂದ್ರೆ √3 ಅನ್ನೋದು 5√3 ಬೈ 5. ಪಠ್ಯಪುಸ್ತಕದಲ್ಲೂ ಆ ಬೆಲೆಗಳನ್ನ ಸಮಬಾಹು ತ್ರಿಭುಜ ಕತ್ತರಿಸಿಯೇ ಸಾಧಿಸಿದಾರೆ, ಪುಟ ತಿರುಗಿಸಿ ನೋಡಿದ್ರೆ ಸಿಗತ್ತೆ. ತ್ರಿಕೋನಮಿತಿ ಪಾಠದ ಪ್ರಶ್ನೆ ಆದ್ರೆ ಉತ್ತರಪತ್ರಿಕೆಯಲ್ಲಿ ಟ್ಯಾನ್ ಸೈನ್ ಬರೆದೇ ಮಾಡ್ಲಿ, ಸ್ಟೆಪ್ ಮಾರ್ಕ್ಸ್ ಇರೋದು ಅದಕ್ಕೆ. ಚಿಕ್ಕ ಬಾಹು ದಾರಿನ ರಫ್ ಜಾಗದಲ್ಲಿ ಇಟ್ಕೊಳ್ಳಲಿ, ಎರಡೂ ಉತ್ತರ ಒಂದೇ ಬಂದ್ರೆ ಮುಂದಿನ ಪ್ರಶ್ನೆಗೆ ಹೋಗ್ಬಹುದು.

ಇವತ್ತು ರಾತ್ರಿಗೆ ಒಂದು ಲೆಕ್ಕ ಕೊಡ್ತೀನಿ, ಒಂದು ಸಮಬಾಹು ತ್ರಿಭುಜದ ಎತ್ತರ 12 ಸೆಂ.ಮೀ, ಬಾಹು ಎಷ್ಟು? 24√3 ಅಂತ ಬಂದ್ರೆ √3ರಿಂದ ಭಾಗಿಸೋ ಕಡೆ ಗುಣಿಸಿದಾಳೆ ಅಂತ ಅರ್ಥ, 24√3 ಅಂದ್ರೆ 41 ಸೆಂ.ಮೀ ಮೇಲೆ ಆಯ್ತು, ಅಷ್ಟುದ್ದ ಬಾಹು ಇರೋ ಸಮಬಾಹು ತ್ರಿಭುಜ ಬರೀ 12 ಸೆಂ.ಮೀ ಎತ್ತರ ಇರತ್ತಾ ಅಂತ ಚಿತ್ರ ಬರೆದು ಅವಳೇ ನೋಡ್ಲಿ. 14ಕ್ಕೆ ಸ್ವಲ್ಪ ಕಮ್ಮಿ ಬಂದ್ರೆ ಸರಿ ಇದೆ.